ಹಳೆ ತಿಂಡಿ ಅಂಗಡಿಗಳನ್ನೂ ಒಮ್ಮೆ ಎಣಿಸಿ: ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೊಂದು ಬಹಿರಂಗ ಪತ್ರ

ಗೆ,
ಮುಖ್ಯ ಆಯುಕ್ತರು, ಗ್ರೇಟರ್ ಬೆಂಗಳೂರು ಪ್ರಾಧಿಕಾರ
ಹಾಗೂ ಐದೂ ನಗರ ಪಾಲಿಕೆಗಳ ಆಯುಕ್ತರು

ಮಾನ್ಯರೇ,

2023ರಲ್ಲಿ ಈ ಊರಿನ ಬೀದಿ ನಾಯಿಗಳನ್ನು ಎಣಿಸಿದಿರಿ. ಆಗ ಇನ್ನೂ ಬಿಬಿಎಂಪಿ ಇತ್ತು. ಸುಮಾರು 2.79 ಲಕ್ಷ ಅಂತ ಲೆಕ್ಕ ಬಂತು. ಮರಗಳನ್ನೂ ಎಣಿಸುತ್ತೀರಿ. ರಸ್ತೆ ಗುಂಡಿಗಳ ಲೆಕ್ಕವಂತೂ ಮಳೆಗಾಲ ಬಂದರೆ ದಿನಾ ಪೇಪರಿನಲ್ಲಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಲೆಕ್ಕ ಇಲ್ಲದೆ ಯಾವುದನ್ನೂ ಕಾಪಾಡಲು ಆಗಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಒಂದು ಪ್ರಶ್ನೆ. ಮೂವತ್ತು ವರ್ಷ ದಾಟಿದ ಸಣ್ಣ ತಿಂಡಿ ಅಂಗಡಿಗಳು ಬೆಂಗಳೂರಲ್ಲಿ ಎಷ್ಟು ಉಳಿದಿವೆ?

ನಾನು ಕೇಳುತ್ತಿರುವುದು ಹೋಟೆಲ್‌ಗಳ ಬಗ್ಗೆ ಅಲ್ಲ. 1924ರ ಎಂಟಿಆರ್, 1943ರ ವಿದ್ಯಾರ್ಥಿ ಭವನ, 1902ರ ಆಲ್ಬರ್ಟ್ ಬೇಕರಿ, ಇವಕ್ಕೆಲ್ಲ ಹೆಸರಿದೆ. ಬೇರೆ ಊರಿನವರೂ ವಿಳಾಸ ಹುಡುಕಿಕೊಂಡು ಬರುತ್ತಾರೆ. ನಾಳೆ ಅವಕ್ಕೆ ತೊಂದರೆ ಆದರೆ ಟಿವಿಯವರು ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಹೇಳುತ್ತಿರುವುದು ಕಾಂಡಿಮೆಂಟ್ಸ್ ಅಂತ ಬೋರ್ಡ್ ಹಾಕಿಕೊಂಡ ಅಂಗಡಿಗಳ ಬಗ್ಗೆ. ಹತ್ತಡಿ ಅಗಲ, ಹದಿನೈದಡಿ ಆಳ. ಮುಂದೆ ಗಾಜಿನ ಡಬ್ಬಿಗಳ ಸಾಲು: ಕೋಡುಬಳೆ, ನಿಪ್ಪಟ್ಟು, ತೇಂಗೊಳಲು, ಖಾರಾಸೇವೆ, ಶಂಕರಪೋಳಿ. ಹಿಂದೆ ಒಂದು ಪರದೆ, ಅದರ ಹಿಂದೆ ಬಾಣಲೆ. ಮೇಲೆ ಕಟ್ಟಿದ ದಾರದಲ್ಲಿ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಪೊಟ್ಟಣಗಳು. ಕೂರಲು ಜಾಗ ಇಲ್ಲ. ನಿಂತು ತೊಗೊಂಡು ಹೋಗಬೇಕು, ಅಷ್ಟೇ.

ಹೆಸರು ಮಾಡಿದವರೂ ಇಂಥ ಅಂಗಡಿಗಳಿಂದಲೇ ಬಂದವರು. ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿಯನ್ನೇ ನೋಡಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಮನೆ ಮನೆಗೆ ಹಪ್ಪಳ ಮಾರಿ, 1948ರಲ್ಲಿ ಒಂದು ಪುಟ್ಟ ಅಂಗಡಿ ಇಟ್ಟರು. ಆ ಕಾಲದಲ್ಲಿ ಹೆಂಗಸೊಬ್ಬಳು ಅಂಗಡಿ ಇಟ್ಟುಕೊಂಡು ಬದುಕುವುದು ಸುಮ್ನೆ ಮಾತಲ್ಲ. ಅವತ್ತು ಬಾಡಿಗೆಗೆ ಸಣ್ಣ ಜಾಗ ಸಿಗುತ್ತಿತ್ತು. ಇವತ್ತು ಅದೇ ಬಂಡವಾಳ ಇಟ್ಟುಕೊಂಡು ಯಾರಾದರೂ ಬಂದರೆ ಅದೇ ಗಾಂಧಿ ಬಜಾರಿನಲ್ಲಿ ಮೆಟ್ಟಿಲ ಕೆಳಗಿನ ಜಾಗವೂ ಸಿಗಲಾರದು.

ಈ ಪತ್ರ ಈಗ ಬರೆಯಲು ಒಂದು ಕಾರಣ ಇದೆ. ನಮ್ಮ ಬಡಾವಣೆಯ ಅಂಗಡಿಯವರಿಗೆ ಜಾಗ ಖಾಲಿ ಮಾಡಿ ಅಂತ ಮಾತು ಬಂದಿದೆ. ಹಳೆ ಮಾಲೀಕರು ತೀರಿಕೊಂಡರು, ಮಕ್ಕಳು ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರಂತೆ. ತಪ್ಪೇನಿಲ್ಲ, ಆಸ್ತಿ ಅವರದು. ನನ್ನ ತಲೆ ಕೊರೆಯುತ್ತಿರುವುದು ಬೇರೆ ವಿಷಯ. ಈ ಅಂಗಡಿಗೆ ವ್ಯಾಪಾರ ಇಲ್ಲ ಅಂತೇನಿಲ್ಲ. ಸಂಜೆ ಐದಕ್ಕೆ ಹೋದರೆ ಜನ ಫುಟ್‌ಪಾತ್‌ವರೆಗೆ ನಿಂತಿರುತ್ತಾರೆ. ಗಿರಾಕಿ ಇಲ್ಲದೆ ಸತ್ತ ಹಳೆ ತಿಂಡಿ ಅಂಗಡಿಯನ್ನು ನಾನು ನೋಡಿದ್ದು ಕಡಿಮೆ. ಲೀಸ್ ಮುಗಿದು ಸತ್ತದ್ದು, ಮುಂದಿನ ರಸ್ತೆ ಅಗೆದು ಸತ್ತದ್ದು, ಕಾಗದಪತ್ರಕ್ಕೆ ಹೆದರಿ ಬಾಗಿಲು ಹಾಕಿದ್ದು, ಇವೇ ಜಾಸ್ತಿ. ಈ ಮೂರರಲ್ಲೂ ಸರ್ಕಾರದ ಕೈ ಇದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ, ಅಂಗಡಿ ಮಾಲೀಕರಿಗಲ್ಲ.

ಅಲ್ಲಿ ಏನು ನಡೆಯುತ್ತೆ ಅಂತ ಒಮ್ಮೆ ಹೇಳಿಬಿಡುತ್ತೇನೆ. ಕೋಡುಬಳೆ ದಿನ ಅಂಗಡಿಯ ಅಜ್ಜಿ ಪರದೆ ಹಿಂದೆ ನೆಲದ ಮೇಲೆ ಕೂರುತ್ತಾರೆ. ಅಕ್ಕಿ ಹಿಟ್ಟು, ಸ್ವಲ್ಪ ರವೆ, ಹುರಿಗಡಲೆ ಪುಡಿ. ಒಣಮೆಣಸಿನಕಾಯಿ, ಕೊಬ್ಬರಿ, ಇಂಗು ಸೇರಿಸಿ ರುಬ್ಬಿದ ಖಾರ. ಅದರ ಮೇಲೆ ಕಾದ ಎಣ್ಣೆ ಸುರಿದರೆ ಸುಯ್ ಅನ್ನುತ್ತೆ. ಆ ಎಣ್ಣೆಯ ಅಳತೆ ತಪ್ಪಿದರೆ ಕೋಡುಬಳೆ ಒಂದೋ ಕಲ್ಲು, ಇಲ್ಲವೇ ಎಣ್ಣೆಯಲ್ಲೇ ಪುಡಿಪುಡಿ. ಅಳೆಯುವ ಲೋಟ ಗೀಟ ಏನೂ ಇಲ್ಲ. ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾರೆ, ಉಂಡೆ ನಿಂತರೆ ಸಾಕು. ಆಮೇಲೆ ಮಣೆ ಮೇಲೆ ಅಂಗೈಯಲ್ಲಿ ಹೊಸೆದು, ಎರಡು ತುದಿ ಸೇರಿಸಿ ಹೆಬ್ಬೆರಳಲ್ಲಿ ಒತ್ತುತ್ತಾರೆ. ಮಗ ಬಾಣಲೆ ಹತ್ತಿರ. ಉರಿ ಜಾಸ್ತಿ ಮಾಡುವ ಹಾಗಿಲ್ಲ. ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿದರೆ ಎರಡನೇ ದಿನಕ್ಕೆ ಮೆತ್ತಗಾಗುತ್ತೆ. ಎಣ್ಣೆ ಮೇಲಿನ ನೊರೆ ಅಡಗಿ, ಸದ್ದು ನಿಂತ ಮೇಲೇ ತೂತು ಸೌಟು ಇಳಿಯುವುದು. ಮಗನ ಕಣ್ಣು ಫೋನಿನ ಮೇಲಿದ್ದರೂ ಕಿವಿ ಬಾಣಲೆ ಮೇಲೇ ಇರುತ್ತೆ, ನಾನು ಗಮನಿಸಿದ್ದೇನೆ.

ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟರೂ ಪ್ರಯೋಜನ ಅಷ್ಟಕ್ಕಷ್ಟೆ. ಅಂಗಡಿ ಹೋದರೆ ಈ ಕೈ ಅಭ್ಯಾಸ ಊರಾಚೆ ಒಂದು ಶೆಡ್ಡಿಗೆ ಸಾಗಿ ಮುಂದುವರಿಯುತ್ತೆ ಅಂದುಕೊಳ್ಳಬೇಡಿ. ಐವತ್ತು ಗ್ರಾಂ, ನೂರು ಗ್ರಾಂ ಕೇಳುವ ಜನ ಅಕ್ಕಪಕ್ಕದ ನಾಲ್ಕು ಬೀದಿಯಲ್ಲಿದ್ದಾರೆ. ಅವರೇ ಆ ಅಂಗಡಿಯ ಬಂಡವಾಳ. ಮೂರು ಕಿಲೋಮೀಟರ್ ಆಚೆ ಹೋದರೆ ಅದು ಹೊಸ ಅಂಗಡಿ.

ಈಗ ಬಾಡಿಗೆ ವಿಷಯಕ್ಕೆ ಬರುತ್ತೇನೆ. ಬೀದಿ ಬದಿ ವ್ಯಾಪಾರಿಗೆ 2014ರ ಕಾಯ್ದೆ ಇದೆ. ಅವರ ಸಮೀಕ್ಷೆ ಮಾಡಬೇಕು, ಸಮೀಕ್ಷೆ ಮುಗಿಯುವವರೆಗೆ ಎಬ್ಬಿಸಬಾರದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರ ಪ್ರತಿನಿಧಿಗಳಿರಬೇಕು ಅಂತೆಲ್ಲ ಅದರಲ್ಲಿದೆ. ಎಷ್ಟರ ಮಟ್ಟಿಗೆ ಪಾಲಿಸುತ್ತಾರೆ ಅನ್ನುವುದು ಬೇರೆ ಮಾತು, ಕಾನೂನಂತೂ ಇದೆ. ಅದೇ ಫುಟ್‌ಪಾತ್‌ನಿಂದ ಮೂರಡಿ ಒಳಗೆ, ಬಾಡಿಗೆ ಕಟ್ಟಿ, ಲೈಸೆನ್ಸ್ ಮಾಡಿಸಿ ಕೂತವನಿಗೆ ಏನಿದೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆ ವ್ಯಾಪಾರದ ಜಾಗಗಳಲ್ಲಿ 14 ಚದರ ಮೀಟರ್ ಒಳಗಿನವನ್ನು ಮಾತ್ರ ಸೇರಿಸಿಕೊಳ್ಳುತ್ತೆ. ಅಂದರೆ ಸುಮಾರು 150 ಚದರ ಅಡಿ. ಓದಿದಾಗ ಪರವಾಗಿಲ್ಲವೇ, ಇದು ನಮ್ಮ ಕಾಂಡಿಮೆಂಟ್ಸ್ ಅಂಗಡಿಗೇ ಹೇಳಿ ಮಾಡಿಸಿದ ಹಾಗಿದೆ ಅನ್ನಿಸುತ್ತೆ. ಆದರೆ ಬೆಂಗಳೂರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಆ ಕಾಯ್ದೆ ಅನ್ವಯಿಸಲ್ಲ. ಇವತ್ತು 3,500ಕ್ಕೆ ಅಂಗಡಿ ಎಲ್ಲಿ ಸಿಗುತ್ತೆ, ನೀವೇ ಹೇಳಿ. ಹಾಗಾಗಿ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಕರಾರು ಪತ್ರ ಇಲ್ಲದೆ ತಿಂಗಳ ಬಾಡಿಗೆ ಲೆಕ್ಕದಲ್ಲಿ ಇರುವವರಿಗೆ ಅದರ ಪ್ರಕಾರ 15 ದಿನದ ನೋಟಿಸ್ ಸಾಕು. ನಲವತ್ತು ವರ್ಷದ ಅಂಗಡಿಗೂ 15 ದಿನ, ಹೋದ ತಿಂಗಳು ಬಂದವನಿಗೂ 15 ದಿನ. ಹಳೆ ಅಂಗಡಿಗಳಲ್ಲಿ ಕರಾರು ಪತ್ರ ಇರುವುದೇ ಅಪರೂಪ. ಅಪ್ಪಂದಿರ ಕಾಲದಲ್ಲಿ ಬಾಯಿ ಮಾತಲ್ಲಿ ಆಗಿದ್ದು ಹಾಗೇ ನಡೆದುಕೊಂಡು ಬಂದಿರುತ್ತೆ.

ದೊಡ್ಡವರೇ ತಡೆದುಕೊಂಡಿಲ್ಲ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಜಾಗ ಬಿಡಬೇಕಾಯಿತು. ಪುಣ್ಯಕ್ಕೆ ಚರ್ಚ್ ಸ್ಟ್ರೀಟಿನಲ್ಲಿ ಬೇರೆ ಜಾಗ ಸಿಕ್ಕಿತು. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2012ರಲ್ಲಿ ಬಾಗಿಲು ಹಾಕಿದಾಗ ಕೊನೆ ದಿನಗಳಲ್ಲಿ ಜನ ಸಾಲು ಹಚ್ಚಿ ತಿಂದು ಬಂದರು. ಆಮೇಲೆ ಮರೆತರು. ಸಣ್ಣ ಅಂಗಡಿಗೆ ಆ ಬೀಳ್ಕೊಡುಗೆಯೂ ಇಲ್ಲ. ಒಂದು ಬೆಳಿಗ್ಗೆ ಶಟರ್ ಮೇಲೆ ‘ಟು ಲೆಟ್’ ಬೋರ್ಡ್ ಕಾಣುತ್ತೆ.

ಮಾಲೀಕರ ಕೈ ಕಟ್ಟಿಹಾಕಿ ಅಂತ ನಾನು ಕೇಳುತ್ತಿಲ್ಲ. ಹಾಗೆ ಮಾಡಿದರೆ ಯಾರೂ ಸಣ್ಣ ಅಂಗಡಿಗೆ ಜಾಗವನ್ನೇ ಕೊಡಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದಕ್ಕೆ ಒಂದು ಉಪಾಯ ಮಾಡಿದರು. 2015ರಿಂದ ಅಲ್ಲಿ ಹಳೆ ವ್ಯಾಪಾರಗಳ ಒಂದು ಪಟ್ಟಿ ಇದೆ. ಸಾಮಾನ್ಯವಾಗಿ 30 ವರ್ಷ ದಾಟಿದ ಅಂಗಡಿ ಅದಕ್ಕೆ ಸೇರಬಹುದು. ಅಂಥ ಅಂಗಡಿಗೆ ಹತ್ತು ವರ್ಷದ ಲೀಸ್ ಬರೆದುಕೊಟ್ಟ ಕಟ್ಟಡ ಮಾಲೀಕರಿಗೆ ನಗರಾಡಳಿತವೇ ಸಹಾಯಧನ ಕೊಡುವ ಯೋಜನೆ ತಂದರು. ಮಾಲೀಕನನ್ನು ಹೆದರಿಸಲಿಲ್ಲ, ಒಲಿಸಿಕೊಂಡರು. ನಮಗೆ ಅಷ್ಟು ದುಡ್ಡು ಎಲ್ಲಿಂದ ಅನ್ನಬಹುದು. ದುಡ್ಡು ಕೊಡಬೇಡಿ ಸ್ವಾಮಿ. ವರ್ಷದ ಆರಂಭದಲ್ಲೇ ಆಸ್ತಿ ತೆರಿಗೆ ಕಟ್ಟಿದವರಿಗೆ 5% ರಿಯಾಯಿತಿ ಕೊಡುವುದು ಈ ಊರಿಗೆ ಹೊಸದಲ್ಲ. ಹಳೆ ತಿಂಡಿ ಅಂಗಡಿಗೆ ಹತ್ತು ವರ್ಷದ ನೋಂದಾಯಿತ ಲೀಸ್ ಕೊಟ್ಟ ಮಾಲೀಕರಿಗೆ ಆ ಅಂಗಡಿಯ ಭಾಗದ ತೆರಿಗೆಯಲ್ಲಿ ಅಂಥದ್ದೇ ಒಂದು ರಿಯಾಯಿತಿ ಇಡಿ. ಕಟ್ಟಡ ಕೆಡವಿ ಕಟ್ಟುವವರಿಗೆ ನಕ್ಷೆ ಮಂಜೂರಾತಿ ಸಮಯದಲ್ಲೇ ಒಂದು ಮಾತು ಕೇಳಿ: ನೆಲ ಅಂತಸ್ತಿನಲ್ಲಿ ಹಳೆ ಬಾಡಿಗೆದಾರರಿಗೆ ನೂರೈವತ್ತು ಚದರ ಅಡಿ ಉಳಿಸುತ್ತೀರಾ? ಹೌದು ಅಂದವರಿಗೆ ಏನಾದರೂ ಅನುಕೂಲ ಮಾಡಿಕೊಡಿ. ಕಾನೂನು ಪಂಡಿತರು ಇದಕ್ಕೆ ನೂರು ತೊಡಕು ಹೇಳುತ್ತಾರೆ, ಗೊತ್ತು. ಆದರೆ ಕೆಳಗೆ ಚಿನ್ನದ ಅಂಗಡಿಯೇ ಬರಬೇಕು ಅಂತ ಎಲ್ಲ ಮಾಲೀಕರೂ ಹಟ ಹಿಡಿದಿರಲ್ಲ. ಹಲವರಿಗೆ ಕೇಳುವವರೇ ಇಲ್ಲ, ಅಷ್ಟೇ.

ಎರಡನೆಯದು ರಸ್ತೆ. ಇದು ಪೂರ್ತಿ ನಿಮ್ಮ ಕೈಯಲ್ಲೇ ಇರುವುದರಿಂದ ಸ್ವಲ್ಪ ಕಟುವಾಗಿ ಹೇಳುತ್ತೇನೆ.

ಗಾಂಧಿ ಬಜಾರಿನ ರಸ್ತೆ ಕೆಲಸ ಹೇಳಿದ ಗಡುವು ದಾಟಿ ಹೇಗೆ ಎಳೆಯಿತು ಅಂತ ಎಲ್ಲರೂ ನೋಡಿದ್ದಾರೆ. ಕೆಲಸ ಮುಗಿದ ಮೇಲೆ ನಡೆಯಲು ಚೆನ್ನಾಗಿದೆ, ಅದನ್ನೂ ಒಪ್ಪುತ್ತೇನೆ. ಮಧ್ಯದ ದಿನಗಳಲ್ಲಿ ಮಣ್ಣಿನ ಗುಡ್ಡೆ ದಾಟಿ ಯಾರು ಚಕ್ಕುಲಿ ಕೊಳ್ಳಲು ಬರುತ್ತಾರೆ? ದೊಡ್ಡ ಮಳಿಗೆ ಆರು ತಿಂಗಳ ನಷ್ಟ ತಡೆದುಕೊಳ್ಳುತ್ತೆ. ತಿಂಡಿ ಅಂಗಡಿ ದಿನದ ಗಲ್ಲಾಪೆಟ್ಟಿಗೆಯಲ್ಲಿ ಬದುಕುವುದು. ಇವತ್ತಿನ ದುಡ್ಡಲ್ಲಿ ನಾಳೆಯ ಎಣ್ಣೆ ಬರಬೇಕು. ಧೂಳು ಬೇರೆ. ಡಬ್ಬಿ ಮುಚ್ಚಳ ತೆಗೆದು ಹಾಕುವಷ್ಟರಲ್ಲಿ ಖಾರಾಸೇವೆಗೆ ಸಿಮೆಂಟಿನ ಬಣ್ಣ ಬಂದಿರುತ್ತೆ. ವೈಟ್ ಟಾಪಿಂಗ್, ಅಂದರೆ ರಸ್ತೆ ಮೇಲೆ ಕಾಂಕ್ರೀಟ್ ಹಾಸುವ ಕೆಲಸ, ಇನ್ನೂ ಕಷ್ಟ. ಕಾಂಕ್ರೀಟ್ ಪೂರ್ತಿ ಗಟ್ಟಿಯಾಗಲು 28 ದಿನ ಅನ್ನುತ್ತಾರೆ. ನಮ್ಮೂರಲ್ಲಿ ಅದರ ಮೇಲೆ ಒಳಚರಂಡಿಯವರು, ಕೇಬಲಿನವರು ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ.

ನಿಮಗೆ ಈ ಅಂಗಡಿಗಳ ಕ್ಯಾಲೆಂಡರ್ ಗೊತ್ತಿದೆಯೇ? ಶ್ರಾವಣದಲ್ಲಿ ಶುರು. ಕೃಷ್ಣ ಜನ್ಮಾಷ್ಟಮಿಗೆ ಚಕ್ಕುಲಿ, ಕೋಡುಬಳೆ, ಮುಚ್ಚೋರೆ ಅಂತ ಮನೆ ಮನೆಯಿಂದ ಆರ್ಡರ್ ಬರುತ್ತೆ. ಈಗ ಮನೆಯಲ್ಲಿ ಕರಿಯುವವರು ಕಡಿಮೆ, ದೇವರ ಮುಂದೆ ಇಡುವವರು ಕಡಿಮೆ ಆಗಿಲ್ಲ. ಆಮೇಲೆ ಗೌರಿ ಗಣೇಶ. ನವರಾತ್ರಿಯಲ್ಲಿ ಬೊಂಬೆ ನೋಡಲು ಬರುವ ಮಕ್ಕಳಿಗೆ ಕೊಡಲು ದಿನಕ್ಕೊಂದು ಬಗೆ. ದೀಪಾವಳಿ. ಅಲ್ಲಿಂದ ಅವರೆಕಾಯಿ ಕಾಲ, ಡಿಸೆಂಬರ್ ಜನವರಿಯಲ್ಲಿ ಅವರೆಬೇಳೆ ಮಿಕ್ಸ್‌ಚರ್ ಇಲ್ಲದ ಕಾಂಡಿಮೆಂಟ್ಸ್ ಅಂಗಡಿ ಬೆಂಗಳೂರಲ್ಲಿ ಇಲ್ಲ. ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಈ ತಿಂಗಳುಗಳಲ್ಲೇ. ಬೇಸಿಗೆಯಲ್ಲಿ ಕರಿದ ತಿಂಡಿ ಯಾರಿಗೂ ಬೇಡ.

ಹಾಗಾದರೆ ಅಂಥ ಬೀದಿಗಳನ್ನು ಫೆಬ್ರವರಿಯಿಂದ ಮೇ ಒಳಗೆ ಅಗೆದು ಮುಗಿಸಿ. ಶ್ರಾವಣದಿಂದ ದೀಪಾವಳಿವರೆಗೆ ಪೈಪ್ ಒಡೆದಂಥ ತುರ್ತು ಬಿಟ್ಟರೆ ಗುದ್ದಲಿ ಹಾಕಬೇಡಿ. ಮಳೆಗಾಲದಲ್ಲಿ ರಸ್ತೆ ಅಗೆಯುವುದು ಹೇಗೂ ಬುದ್ಧಿವಂತಿಕೆ ಅಲ್ಲ, ನಿಮ್ಮ ಎಂಜಿನಿಯರುಗಳೇ ಹೇಳುತ್ತಾರೆ. ತಡವಾದರೆ ಗುತ್ತಿಗೆದಾರರಿಂದ ದಂಡ ವಸೂಲಿ ಮಾಡುವ ಷರತ್ತು ಟೆಂಡರಿನಲ್ಲಿ ಇರುತ್ತೆ ಅಲ್ವಾ. ಆ ದಂಡದಲ್ಲಿ ಒಂದು ಪಾಲು ಆ ಬೀದಿಯ ಸಣ್ಣ ಅಂಗಡಿಗಳ ಟ್ರೇಡ್ ಲೈಸೆನ್ಸ್ ಶುಲ್ಕಕ್ಕೆ ಹೊಂದಿಸಿ. ನಷ್ಟ ತುಂಬಲ್ಲ ನಿಜ. ನಷ್ಟ ಆಯಿತು ಅಂತ ಒಪ್ಪಿಕೊಂಡ ಹಾಗಾದರೂ ಆಗುತ್ತೆ.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಏನಾಯಿತು ಅಂತ ನಿಮಗೆ ನೆನಪಿರಬೇಕು. ಊರ ತುಂಬ ‘ಯುಪಿಐ ಇಲ್ಲ, ನಗದು ಮಾತ್ರ’ ಅಂತ ಚೀಟಿ ಅಂಟಿಸಿದರು. ಬೇಕರಿ, ಕಾಂಡಿಮೆಂಟ್ಸ್‌ನವರು ಬಂದ್ ಮಾಡುತ್ತೇವೆ ಅಂದರು. ಕೊನೆಗೆ ಮುಖ್ಯಮಂತ್ರಿಗಳು ಸಭೆ ಕರೆದು, ಹಳೆ ಬಾಕಿ ಕೇಳಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದ ಮೇಲೆ ತಣ್ಣಗಾಯಿತು. ತೆರಿಗೆ ನಿಮ್ಮ ಇಲಾಖೆ ಅಲ್ಲ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದರೆ ನೋಂದಣಿ ಬೇಕು ಅನ್ನುವುದು ನ್ಯಾಯವೇ. ದಾಟಿದವರು ಕಟ್ಟಲಿ. ಆದರೆ ಅವತ್ತು ಗೊತ್ತಾಗಿದ್ದು ಏನು? ಈ ಜನಕ್ಕೆ ಲೆಕ್ಕ ಬರೆಯುವವರೂ ಇಲ್ಲ, ನಿಯಮ ಹೇಳುವವರೂ ಇಲ್ಲ. ಪಾಲಿಕೆಯ ಟ್ರೇಡ್ ಲೈಸೆನ್ಸ್ ಒಂದು ಕಡೆ, ಆಹಾರ ಸುರಕ್ಷತೆಯ ನೋಂದಣಿ ಇನ್ನೊಂದು ಕಡೆ, ಕಾರ್ಮಿಕ ಇಲಾಖೆಯದ್ದು ಮತ್ತೊಂದು ಕಡೆ. ಒಂದೊಂದಕ್ಕೂ ಒಂದೊಂದು ಪಾಸ್‌ವರ್ಡ್. ಅಂಗಡಿಯ ಮಗ ಸೈಬರ್ ಸೆಂಟರಿನವನಿಗೆ ದುಡ್ಡು ಕೊಟ್ಟು ಮಾಡಿಸುತ್ತಾನೆ. ಸೈಬರ್ ಸೆಂಟರಿನವನೇ ಈ ಊರಿನ ನಿಜವಾದ ಏಕಗವಾಕ್ಷಿ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ವರ್ಷಕ್ಕೊಂದು ದಿನ ವಾರ್ಡ್ ಕಚೇರಿಯಲ್ಲಿ ಈ ಮೂರೂ ಇಲಾಖೆಯವರು ಒಟ್ಟಿಗೆ ಕೂತರೆ ಸಾಕು.

ಶುಚಿತ್ವದಲ್ಲಿ ಮಾತ್ರ ಒಂದು ಎಳೆಯೂ ಸಡಿಲ ಬಿಡಬೇಡಿ. ಹಳೆ ಅಂಗಡಿ ಅಂತ ಕರುಣೆ ತೋರಿಸುವ ಜಾಗ ಅದಲ್ಲ. ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ, ಅಂದರೆ ಎಣ್ಣೆ ಪದೇ ಪದೇ ಕಾದಾಗ ಹುಟ್ಟುವ ಕೆಟ್ಟ ಪದಾರ್ಥ, 25% ದಾಟಿದರೆ ಅದನ್ನು ಬಳಸಬಾರದು ಅಂತ 2018ರ ಜುಲೈನಿಂದ ನಿಯಮ ಇದೆ. ಅಳೆಯುವ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ತನ್ನಿ, ಅದ್ದಿ ನೋಡಿ, ದಾಟಿದ್ದರೆ ಚೆಲ್ಲಿಸಿ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣ ನಿಷೇಧಿಸಿದಾಗ ಕೆಲವರು ಬಡವರ ಹೊಟ್ಟೆ ಮೇಲೆ ಹೊಡೆದರು ಅಂದರು. ನಾನು ಒಪ್ಪಲಿಲ್ಲ. ತಿನ್ನುವವರೂ ಬಡವರೇ. ನಿಜ ಹೇಳಬೇಕೆಂದರೆ, ಬೀದಿಯವರೆಲ್ಲ ಮುಖ ನೋಡಿ ಗುರುತು ಹಿಡಿಯುವ ಅಂಗಡಿಯವನಿಗೆ ನಿಮ್ಮ ಇನ್‌ಸ್ಪೆಕ್ಟರಿಗಿಂತ ಜಾಸ್ತಿ ಭಯ ಎದುರು ಮನೆಯ ಅಜ್ಜಿಯದು. ‘ಏನಪ್ಪಾ, ಎಣ್ಣೆ ವಾಸನೆ ಬರ್ತಿದೆಯಲ್ಲೋ’ ಅಂತ ಅವರು ಎಲ್ಲರ ಮುಂದೆ ಒಂದು ಮಾತು ಅಂದರೆ ಮುಗಿಯಿತು.

ಇನ್ನು ನೀವು ಕೇಳಬಹುದಾದ ಪ್ರಶ್ನೆ ನನಗೆ ಗೊತ್ತು. ಮಕ್ಕಳೇ ಮುಂದುವರಿಸಲು ತಯಾರಿಲ್ಲ, ನಾವು ಏನು ಮಾಡುವುದು? ನಿಜ. ಬಾಣಲೆ ಮುಂದೆ ದಿನಾ ಆರೇಳು ಗಂಟೆ ನಿಲ್ಲುವುದು ಯಾವ ಮಗನಿಗೂ ಕನಸಲ್ಲ. ಕಂಪನಿ ಕೆಲಸ ಸಿಕ್ಕಿದರೆ ಹೋಗಲಿ, ಅಪ್ಪ ಅಮ್ಮ ಕರಿದಿದ್ದೇ ಅದಕ್ಕೆ. ಅಂಥ ಅಂಗಡಿ ನಿಂತರೆ ನನಗೆ ಬೇಜಾರಾಗುತ್ತೆ, ದೂರು ಇಲ್ಲ. ನನ್ನ ದೂರು ಇರುವುದು ಮಗ ಮುಂದೆ ಬಂದು, ಬಾಣಲೆ ಹಿಡಿದು, ಗಿರಾಕಿಯೂ ಇದ್ದು, ಆದರೂ ಮುಚ್ಚುವ ಅಂಗಡಿಗಳ ಬಗ್ಗೆ. ನಮ್ಮ ಬೀದಿಯದು ಅಂಥದ್ದು.

ಹಾಗಾಗಿ ಮೊದಲು ಪಟ್ಟಿ ಮಾಡಿ. ಐದು ಪಾಲಿಕೆಗಳಾಗಿ ಇನ್ನೂ ಬಹಳ ಕಾಲ ಆಗಿಲ್ಲ, 2025ರ ಸೆಪ್ಟೆಂಬರಿನಲ್ಲಿ ಆದದ್ದು. ಹೊಸ ಕಚೇರಿಯಲ್ಲಿ ಹೊಸ ಕಡತ ತೆರೆಯುವುದು ಸುಲಭ. ಅಂಗಡಿಯ ವಯಸ್ಸಿಗೆ ಪುರಾವೆ ಕೇಳಿದರೆ ಹಳೆ ಕರೆಂಟ್ ಬಿಲ್ ಸಾಕು ಅನ್ನಿ. ಜನ್ಮಪತ್ರಿಕೆ ಕೇಳಬೇಡಿ. ಪಾರಂಪರಿಕ ಅಂಗಡಿ ಅಂತ ಹಿತ್ತಾಳೆ ಫಲಕ, ಉದ್ಘಾಟನೆ, ಶಾಲು ಹೊದಿಸುವುದು, ಇದ್ಯಾವುದೂ ಬೇಡ. ಪಟ್ಟಿಯಲ್ಲಿರುವ ಅಂಗಡಿ ಮುಂದೆ ರಸ್ತೆ ಅಗೆಯುವ ಕಡತ ಬಂದಾಗ, ಆ ಕಟ್ಟಡದ ನಕ್ಷೆ ಮಂಜೂರಾತಿಗೆ ಬಂದಾಗ, ಕಂಪ್ಯೂಟರಿನಲ್ಲಿ ಒಂದು ಕೆಂಪು ಗುರುತು ಕಾಣಲಿ. ಆ ಗುರುತು ನೋಡಿ ಒಬ್ಬ ಅಧಿಕಾರಿ ಆ ಅಂಗಡಿಗೆ ಒಂದು ಫೋನ್ ಮಾಡಲಿ. ಸದ್ಯಕ್ಕೆ ಅಷ್ಟು ಸಾಕು.

ಎಣಿಸಲು ಬರುವ ಸಿಬ್ಬಂದಿಗೆ ಒಂದು ಸೂಚನೆ ಕೊಡಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬರಬೇಡಿ. ಹೆಚ್ಚಿನ ಅಂಗಡಿಗಳು ಅರ್ಧ ಶಟರ್ ಎಳೆದು ಮಲಗಿರುತ್ತವೆ, ಬಾಗಿಲು ಹಾಕಿದೆ ಅಂತ ಬರೆದುಕೊಂಡು ಹೋಗಿಬಿಟ್ಟೀರಿ. ನಾಲ್ಕರ ಮೇಲೆ ಬನ್ನಿ. ಆಗ ಬಾಣಲೆ ಮೇಲೆ ಏನಾದರೂ ಇರುತ್ತೆ, ಅದು ಇಳಿಯುವವರೆಗೆ ಯಾರೂ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲ್ಲ. ಸ್ವಲ್ಪ ಕಾಯಬೇಕಾಗುತ್ತೆ.

ಇಂತಿ,
ಬೆಂಗಳೂರಿನ ಒಬ್ಬ ನಿವಾಸಿ